ಮೊದಲು ವೈಸು, ಆಮೇಲೆ ಪ್ರಿಂಟರು

ಪ್ರಶ್ನೆ: ವಿದ್ಯಾರ್ಥಿಗಳು ತಮ್ಮ ಕಲ್ಪನೆಯ ಸಾಧನಗಳನ್ನು ಕೈಯಾರೆ ಮಾಡಿ ನೋಡಲೆಂದು ನಮ್ಮ ಕಾಲೇಜು ಒಂದು ಕೊಠಡಿಯನ್ನೂ 8 ಲಕ್ಷ ರೂಪಾಯಿಯನ್ನೂ ಕೊಟ್ಟಿದೆ. ಬಹುಪಾಲು ಹಣವನ್ನು ದೊಡ್ಡ ತ್ರೀಡಿ ಪ್ರಿಂಟರಿಗೂ ಲೇಸರ್ ಕಟರಿಗೂ ಹಾಕಬೇಕೆಂಬುದು ಆಡಳಿತ ಮಂಡಳಿಯ ಒಲವು. ಇದು ಸರಿಯೇ?
- ಉಪನ್ಯಾಸಕರು, ಗದಗ

ಉತ್ತರ: ಸರಿಯಲ್ಲ. ಪುಣೆ ಜಿಲ್ಲೆಯ ಪಾಬಳದ ವಿಜ್ಞಾನ ಆಶ್ರಮಕ್ಕೆ 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನೆರವಿನಿಂದ ಫ್ಯಾಬ್ ಲ್ಯಾಬ್ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಂದ ವಸ್ತುಗಳನ್ನು ಮಾಡುವ ಕಾರ್ಯಾಗಾರ) ಬಂದಾಗ, 1983ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಹಳ್ಳಿಯ ಹುಡುಗರು ವರ್ಕ್‌ಶಾಪಿನ ಕೆಲಸವನ್ನು ಕಲಿಯುತ್ತಲೇ ಇದ್ದರು. ಕೈ ಪಳಗಿದ ಮೇಲೆ ಅಲ್ಲಿಗೆ ಯಂತ್ರ ಬಂತು.

ಹಾವೇರಿ ಕಡೆಯ ಒಂದು ಕಾಲೇಜಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಸಾಧನಕ್ಕೆ ವಿದ್ಯಾರ್ಥಿಗಳು ಇಡೀ ರಾತ್ರಿ ಪ್ರಿಂಟರ್ ಓಡಿಸಿ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಹಾಪರನ್ನು, ಅಂದರೆ ಕಾಯಿ ಸುರಿಯುವ ಆಲಿಕೆಯನ್ನು, ಮಾಡಿದ್ದನ್ನು ನಾನೇ ನೋಡಿದ್ದೇನೆ. ಉದ್ದನೆಯ ಬ್ಯಾಡಗಿ ಕಾಯಿ ಅದರ ಬಾಯಲ್ಲೇ ಅಡ್ಡ ಸಿಕ್ಕಿಕೊಂಡಿತು. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಇಟ್ಟಾಗ, ಆ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿಗೇ ಮೆತ್ತಗಾಗುವುದರಿಂದ, ಅಂಚು ಹಸಿ ರೊಟ್ಟಿಯಂತೆ ಜೋತುಬಿತ್ತು. ಬಾಯಿಯ ಅಳತೆಯ ತಪ್ಪನ್ನು ರಟ್ಟು, ಕತ್ತರಿ, ಅಂಟಿನ ಪಟ್ಟಿಗಳಿಂದ ಅರ್ಧ ಗಂಟೆಯಲ್ಲಿ ಕಂಡುಕೊಳ್ಳಬಹುದಿತ್ತು.

ಆದ್ದರಿಂದ ಮೊದಲು ಅಲುಗಾಡದ ಮರದ ಬೆಂಚುಗಳು, ವಸ್ತುವನ್ನು ಬಿಗಿಹಿಡಿಯುವ ವೈಸು, ಅರ, ಹ್ಯಾಕ್ಸಾ, ವರ್ನಿಯರ್ ಕ್ಯಾಲಿಪರ್, ಬೆಂಚ್ ಡ್ರಿಲ್, ಉಷ್ಣತೆಯನ್ನು ಹೊಂದಿಸಬಹುದಾದ ನಾಲ್ಕೈದು ಸೋಲ್ಡರಿಂಗ್ ಸ್ಟೇಷನ್, ಮಲ್ಟಿಮೀಟರ್ ಮತ್ತು 30 ವೋಲ್ಟಿನ ಪವರ್ ಸಪ್ಲೈ ಕೊಳ್ಳಿರಿ. ಅದಕ್ಕೂ ಮುಂಚೆ ಅರ್ಥಿಂಗ್ ಪರೀಕ್ಷೆ ಮಾಡಿಸಿರಿ. ದೊಡ್ಡ ಪ್ರಿಂಟರಿನ ಬದಲು ಸಾಧಾರಣ ಗಾತ್ರದ ಎರಡು ಇರಲಿ: ಒಂದರ ನಳಿಕೆ ಕಟ್ಟಿಕೊಂಡರೂ ಕೆಲಸ ನಿಲ್ಲದು. ಮಳೆಗಾಲದಲ್ಲಿ ಫಿಲಮೆಂಟು (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆ) ತೇವ ಹೀರುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಡಿ.

ಲೇಸರ್ ಕಟರನ್ನು ಹೊಗೆ ಹೊರಹಾಕುವ ಕೊಳವೆ ಹಾಕಿಸುವವರೆಗೆ ತರಲೇಬೇಡಿ. ತಂದ ಮೇಲೂ ಪಿವಿಸಿ ಹಾಳೆಯನ್ನು ಅದರಡಿ ಇಡಗೊಡಬೇಡಿ, ಏಕೆಂದರೆ ಅದು ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನೂ ಯಂತ್ರವನ್ನೂ ಕೆಡಿಸುತ್ತದೆ. ಲೋಹವನ್ನು ತಿರುಗಿಸಿ ಕಡೆಯುವ ಲೇಥಿನ ಕೆಲಸ ಬಂದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪುಗಳಿವೆ. ಹುಡುಗರನ್ನೇ ಅಲ್ಲಿಗೆ ಕಳಿಸಿರಿ, ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಮಿತಿ) ಬರೆಯದಿದ್ದರೆ ಏನಾಗುತ್ತದೆಂದು ಲೇಥ್ ನಡೆಸುವ ಟರ್ನರನೇ ಹೇಳಿಕೊಡುತ್ತಾನೆ.

ಕನಿಷ್ಠ ಎರಡು ಲಕ್ಷವನ್ನು ಸ್ಕ್ರೂ, ತಂತಿ, ಫಿಲಮೆಂಟ್, ಡ್ರಿಲ್ ಬಿಟ್ಟುಗಳಿಗೆಂದು ತೆಗೆದಿರಿಸಿ, ಐಟಿಐ ಕಲಿತ ಒಬ್ಬ ಫಿಟ್ಟರನ ಸಂಬಳವನ್ನು ಕಾಲೇಜಿನ ವಾರ್ಷಿಕ ಬಜೆಟ್ಟಿನಲ್ಲಿ ಬರೆಸಿಕೊಳ್ಳಿರಿ. ಕೊಠಡಿಯ ಕೀಲಿಕೈ ಪ್ರಾಂಶುಪಾಲರ ಕಪಾಟಿನಲ್ಲಲ್ಲ, ಆತನ ಬಳಿ ಇರಲಿ.