ನಿಮ್ಮ ವಿಲ್ಸನ್ ಲೇಖನದ ಬಗ್ಗೆ

ನಮಸ್ಕಾರ.

ಅಮೆರಿಕದ ಅಧ್ಯಕ್ಷರಾಗಿದ್ದ ವುಡ್ರೋ ವಿಲ್ಸನ್ ಮತ್ತು ಮೊದಲ ಮಹಾಯುದ್ಧದ ನಂತರ ಜರ್ಮನಿ ಜೊತೆ ಆದ ವರ್ಸೇಲ್ಸ್ ಶಾಂತಿ ಒಪ್ಪಂದದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕೋದಕ್ಕೆ ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ಅಮೆರಿಕದ ಸಂವಿಧಾನದ ಪಾಠ. ತೆಗೆದುಬಿಡಿ. ಒಪ್ಪಂದ ಕುದುರಿಸುವುದು ಅಧ್ಯಕ್ಷರು, ಅದಕ್ಕೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಹಾಜರಿರುವವರ ಪೈಕಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಇಷ್ಟು ಸಾಕು. ನೀವು ‘ಒಟ್ಟು ಸದಸ್ಯರಲ್ಲಿ’ ಎಂದಿದ್ದೀರಿ, ತಪ್ಪು. ನಮ್ಮ ರಾಷ್ಟ್ರಪತಿ ಜೊತೆಗಿನ ಹೋಲಿಕೆಯೂ ಬೇಡ. ನಮ್ಮಲ್ಲಿ ಒಪ್ಪಂದ ತೀರ್ಮಾನಿಸುವುದು ಮಂತ್ರಿಮಂಡಲ, ಸಹಿಗೆ ಸಂಸತ್ತಿನ ಮತವೇ ಬೇಕಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ನಿಮ್ಮ ವಿಲ್ಸನ್ ದೇವರಂಥ ಮನುಷ್ಯ, ಎದುರು ಪಕ್ಷವಾದ ರಿಪಬ್ಲಿಕನ್ನರ ಸೆನೆಟರ್ ಹೆನ್ರಿ ಕ್ಯಾಬಟ್ ಲಾಡ್ಜ್ ಖಳನಾಯಕ. ಅಷ್ಟು ಸಲೀಸಾ? 1918ರ ನವೆಂಬರ್ ಚುನಾವಣೆಯಲ್ಲಿ ಸೆನೆಟ್ ರಿಪಬ್ಲಿಕನ್ನರ ಪಾಲಾಯಿತು. ಮರುತಿಂಗಳೇ ವಿಲ್ಸನ್ ಒಪ್ಪಂದ ಕುದುರಿಸಲು ಪ್ಯಾರಿಸ್‌ಗೆ ಹಡಗು ಹತ್ತಿದರು. ನಿಯೋಗದಲ್ಲಿ ಒಬ್ಬ ಸೆನೆಟರ್ ಕೂಡ ಇರಲಿಲ್ಲ, ಅವರದೇ ಡೆಮಾಕ್ರಟಿಕ್ ಪಕ್ಷದವರೂ ಇಲ್ಲ. ನಾಳೆ ಮತ ಹಾಕಬೇಕಾದವರನ್ನು ಇವತ್ತು ಹೊರಗಿಟ್ಟರೆ ಅವರು ಮುನಿಸಿಕೊಳ್ಳದೆ ಇರ್ತಾರಾ? ಇಂಥ ವಿಷಯವನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ.

ಲಾಡ್ಜ್ ಇಡೀ ಒಪ್ಪಂದವನ್ನು ಸೆನೆಟ್‌ನ ವಿದೇಶಾಂಗ ಸಮಿತಿಯಲ್ಲಿ ಗಟ್ಟಿಯಾಗಿ ಓದುತ್ತಾ ಎರಡು ವಾರ ತಳ್ಳಿದ್ದನ್ನೂ ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಓದುಗರಿಗೆ ಆ ಕೋಣೆ ಕಾಣಲಿ.

ಶುರು ಮಾಡಬೇಕಾದದ್ದು 1920ರ ಮಾರ್ಚ್ 19ರಿಂದ. ಅವತ್ತು ಲಾಡ್ಜ್ ಹಾಕಿದ ಷರತ್ತುಗಳ ಸಮೇತ ಒಪ್ಪಂದ ಮತಕ್ಕೆ ಬಂತು. ಪರ 49, ವಿರೋಧ 35. ಬೇಕಿದ್ದದ್ದು 56. ವಿರೋಧಿಸಿದವರಲ್ಲಿ 23 ಮಂದಿ ವಿಲ್ಸನ್ ಪಕ್ಷದವರೇ! ಷರತ್ತು ಸೇರಿದರೆ ಒಪ್ಪಬೇಡಿ ಎಂದು ಅವರಿಗೆ ಹೇಳಿದ್ದು ಸ್ವತಃ ವಿಲ್ಸನ್. ಆ 23ರಲ್ಲಿ ಏಳು ಜನ ಈಚೆ ಬಂದಿದ್ದರೆ ಒಪ್ಪಂದ ಪಾಸಾಗುತ್ತಿತ್ತು. ‘ಸೆನೆಟ್ ಕೊಂದಿತು’ ಎಂಬ ನಿಮ್ಮ ಸಾಲು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ, ಅಲ್ವಾ?

1919ರ ಅಕ್ಟೋಬರ್‌ನಲ್ಲಿ ವಿಲ್ಸನ್‌ಗೆ ಪಾರ್ಶ್ವವಾಯು ಬಡಿದಿತ್ತು. ಹಟ ಎಷ್ಟು, ಕಾಯಿಲೆ ಎಷ್ಟು ಎಂಬ ಪ್ರಶ್ನೆಯನ್ನು ನೀವು ಮುಟ್ಟಿಯೇ ಇಲ್ಲ. ನನಗಂತೂ ಅಲ್ಲೇ ಕುತೂಹಲ ಜಾಸ್ತಿ.

ಕೊನೆಯಲ್ಲಿ ತುರುಕಿರುವ ಪನಾಮಾ ಕಾಲುವೆ ಭಾಗ ತೆಗೆದಿಡಿ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸೆನೆಟರ್‌ಗಳ ತಿದ್ದುಪಡಿಗಳಿಗೆ ಒಪ್ಪಿ, ಆ ಕಾಲುವೆಯ ಎರಡು ಒಪ್ಪಂದಗಳ ಮತದಲ್ಲೂ 68–32ರಲ್ಲಿ ಗೆದ್ದರು. ಬೇಕಿದ್ದದ್ದು 67. ಅದು ಇನ್ನೊಂದು ಲೇಖನಕ್ಕಾಗುತ್ತದೆ. ಮೊದಲು ಇದನ್ನು ತಿದ್ದಿ ಕಳಿಸಿ.