ರೀಚಾರ್ಜ್ ದರವನ್ನು ಸರ್ಕಾರ ಏಕೆ ನಿಗದಿ ಮಾಡುವುದಿಲ್ಲ?

ಪ್ರಶ್ನೆ: ನಾನು ಫೋನನ್ನು ಮಾತನಾಡಲು ಮಾತ್ರ ಬಳಸುತ್ತೇನೆ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದವು. ಇದನ್ನು ತಡೆಯುವವರು ಯಾರೂ ಇಲ್ಲವೇ?
– ಓದುಗರೊಬ್ಬರು, ರೋಣ, ಗದಗ ಜಿಲ್ಲೆ

ಉತ್ತರ: 1997ರಲ್ಲಿ ಸ್ಥಾಪನೆಯಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಟ್ರಾಯ್‌ಗೆ, ದರ ನಿಗದಿಪಡಿಸುವ ಅಧಿಕಾರವಿದೆ. ಆದರೆ ಪೈಪೋಟಿಯೇ ಬೆಲೆಯನ್ನು ಹದ್ದುಬಸ್ತಿನಲ್ಲಿಡುತ್ತದೆಂಬ ನಂಬಿಕೆಯಿಂದ ಅದು ಮೊಬೈಲ್ ದರಗಳನ್ನು ಬಹುಮಟ್ಟಿಗೆ ಕಂಪನಿಗಳಿಗೇ ಬಿಟ್ಟಿದೆ. ಹತ್ತಾರು ಕಂಪನಿಗಳಿದ್ದಾಗ ಈ ನಂಬಿಕೆ ಸರಿಯಾಗಿತ್ತು. 2016ರಲ್ಲಿ ಜಿಯೋ ಬಂದ ಮೇಲೆ ದರಗಳು ಕುಸಿದು, ಏರ್‌ಸೆಲ್‌ನಂಥವು ಮುಚ್ಚಿ, 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಉಳಿದದ್ದು ಮೂರು ಖಾಸಗಿ ಕಂಪನಿಗಳು ಮತ್ತು ಬಿಎಸ್ಎನ್ಎಲ್. ಇಷ್ಟು ಕಡಿಮೆ ಮಾರಾಟಗಾರರಿರುವಲ್ಲಿ ಒಳಒಪ್ಪಂದವೇ ಬೇಕಿಲ್ಲ, ಒಬ್ಬರು ಏರಿಸಿದ್ದನ್ನು ನೋಡಿ ಇನ್ನೊಬ್ಬರು ಏರಿಸಿದರೆ ಸಾಕು. ಅದಷ್ಟೇ ಅಪರಾಧವೂ ಅಲ್ಲ. ಒಳಒಪ್ಪಂದವಿದ್ದರೆ ಸ್ಪರ್ಧಾ ಆಯೋಗ ವಿಚಾರಿಸಬಹುದಾದರೂ, ದೂರಸಂಪರ್ಕದ ತಾಂತ್ರಿಕ ಪ್ರಶ್ನೆಗಳನ್ನು ಮೊದಲು ಟ್ರಾಯ್ ತೀರ್ಮಾನಿಸಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗ್ರಾಹಕರ ದೃಷ್ಟಿಯಿಂದ ಇದು ಸುತ್ತುದಾರಿ ಎಂದೇ ನನ್ನ ಅಭಿಪ್ರಾಯ.

ನಿಮಗೆ ನೇರವಾಗಿ ಸಂಬಂಧಿಸಿದ್ದು ಬೇರೆ ಇದೆ. ಡೇಟಾ ಇಲ್ಲದೆ, ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಪ್ರತ್ಯೇಕ ವೋಚರ್ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ಕಡ್ಡಾಯಗೊಳಿಸಿತು. ಅಂಗಡಿಯಲ್ಲಿ ಅದನ್ನೇ ಕೇಳಿ. ಕಂಪನಿ ಬದಲಿಸುವುದಾದರೆ, ಈಗಿನ ಕಂಪನಿಯಲ್ಲಿ 90 ದಿನ ತುಂಬಿದ್ದರೆ, ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿ, ಸಂಖ್ಯೆ ಬದಲಾಗುವುದಿಲ್ಲ. ಆ ಜುಲೈನಲ್ಲಿ ಬಿಎಸ್ಎನ್ಎಲ್ ದರ ಏರಿಸಲಿಲ್ಲ, ನಿಜ. ಆದರೂ ನಿಮ್ಮ ಮನೆ, ಹೊಲಗಳಲ್ಲಿ ಅದರ ಸಿಗ್ನಲ್ ಸಿಗುತ್ತದೆಯೇ ಎಂದು ಮೊದಲು ನೆರೆಯವರನ್ನು ವಿಚಾರಿಸಿ.