ಉಳಿದ 25 ರನ್‌ವೇ ಎಲ್ಲಿವೆ?

ಪ್ರಶ್ನೆ: ಮಗಳ ಜೊತೆ ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋದೆ. ರನ್‌ವೇ ಹತ್ತಿರದ ಕೆಂಪು ಫಲಕದ ಮೇಲೆ 08, 26 ಎಂದಿತ್ತು. ಇರುವುದು ಒಂದೇ ರನ್‌ವೇ, ಅದಕ್ಕೆ ಎರಡು ನಂಬರ್ ಯಾಕೆ? ಉಳಿದ 25 ಎಲ್ಲಿ ಎಂದು ಮಗಳು ಕೇಳುತ್ತಾಳೆ.
– ಓದುಗರು, ಅಣ್ಣಿಗೇರಿ

ಉತ್ತರ: ಮಗಳು ಕೇಳಿದ್ದು ಸರಿಯಾಗಿಯೇ ಇದೆ. ಅದು ಎಣಿಕೆಯ ನಂಬರ್ ಅಲ್ಲ, ದಿಕ್ಕು. ದಿಕ್ಸೂಚಿಯಲ್ಲಿ ಉತ್ತರದಿಂದ ಬಲಕ್ಕೆ ಸುತ್ತುತ್ತಾ 360 ಡಿಗ್ರಿ. ರನ್‌ವೇ ಮುಖ ಮಾಡಿದ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ತಂದು ಕೊನೆಯ ಸೊನ್ನೆ ಬಿಟ್ಟರೆ ನಂಬರ್ ಸಿಕ್ಕಿತು. 26 ಎಂದರೆ ಸುಮಾರು 260, ಹೆಚ್ಚುಕಡಿಮೆ ಪಶ್ಚಿಮ. ಅದೇ ದಾರಿಯಲ್ಲಿ ತಿರುಗಿ ನಿಂತರೆ 80, ಅಂದರೆ 08. ಹೀಗಾಗಿ ಎರಡು ತುದಿಗಳ ನಡುವೆ ಯಾವಾಗಲೂ 18 ವ್ಯತ್ಯಾಸ. 26 ಎಂದು ಬರೆದಿರುವುದು ಪೂರ್ವದ ತುದಿಯಲ್ಲಿ, ಪಶ್ಚಿಮಕ್ಕೆ ಹೊರಟವರ ಕಣ್ಣಿಗೆ ಬೀಳಲಿ ಎಂದು!

ಯಾವ ತುದಿಯಿಂದ ಹೊರಡಬೇಕು ಎನ್ನುವುದನ್ನು ಮುಖ್ಯವಾಗಿ ಗಾಳಿಯೇ ಹೇಳುತ್ತದೆ. ನಿಮ್ಮ ಕಣದಲ್ಲಿ ಕಾಳು ತೂರುವಾಗ ಗಾಳಿ ಎತ್ತಲಿಂದ ಬರುತ್ತದೆ ಎಂದು ನೋಡುತ್ತೀರಲ್ವಾ, ಹಾಗೆಯೇ. ಎದುರುಗಾಳಿಗೆ ಮುಖ ಮಾಡಿದರೆ ವಿಮಾನ ಬೇಗ ಮೇಲೇಳುತ್ತದೆ, ಇಳಿದಾಗಲೂ ಬೇಗ ನಿಲ್ಲುತ್ತದೆ. ಮಳೆಗಾಲದ ಪಡುವಣ ಗಾಳಿಗೆ 26 ಹೊಂದುತ್ತದೆ.

22 ವರ್ಷ ವಿಮಾನ ಹಾರಿಸಿದ ನನಗೆ ಆ ನಂಬರ್ ಮೇಲೆ ಬೇರೆಯೇ ಒಂದು ಪ್ರೀತಿ. ರನ್‌ವೇ ಮೇಲೆ ನೇರವಾಗಿ ನಿಂತ ಕೂಡಲೇ ನಾವಿಬ್ಬರು ಪೈಲಟ್‌ಗಳು ಮೊದಲು ನೆಲದ ಮೇಲಿನ ನಂಬರ್ ನೋಡುತ್ತಿದ್ದೆವು, ಆಮೇಲೆ ಎದುರಿನ ದಿಕ್ಸೂಚಿ. ಅಲ್ಲಿ 260ರ ಆಸುಪಾಸು ಇರಬೇಕು. ಜೊತೆಗಾರ ಮುಳ್ಳಿನ ಹತ್ತಿರ ಬೆರಳಿಟ್ಟು "ಟೂ ಸಿಕ್ಸ್" ಎಂದು ಬಿಡಿಬಿಡಿಯಾಗಿ ಹೇಳುತ್ತಿದ್ದ. ರೇಡಿಯೋದಲ್ಲೂ ಹಾಗೆಯೇ, ಇಪ್ಪತ್ತಾರು ಎನ್ನುವುದಿಲ್ಲ. ಎರಡೇ ಸೆಕೆಂಡಿನ ಕೆಲಸ. 2006ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ 22ರಿಂದ ಹೊರಡಬೇಕಿದ್ದ ವಿಮಾನ 26ಕ್ಕೆ ಹೋಯಿತು. ಆ ರನ್‌ವೇ ಬಹಳ ಗಿಡ್ಡ. 49 ಜನ ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ಒಂದು ದಿನವೂ ನಾನು ದಿಕ್ಸೂಚಿ ನೋಡದೆ ಹೊರಟಿಲ್ಲ.

ಬೆಂಗಳೂರಿನಲ್ಲಿ ಅಕ್ಕಪಕ್ಕ ಎರಡು ರನ್‌ವೇ ಇವೆ, ದಿಕ್ಕು ಒಂದೇ. ಅಲ್ಲಿ ನಂಬರ್ ಜೊತೆ ಎಡಕ್ಕೆ ಎಲ್, ಬಲಕ್ಕೆ ಆರ್ ಅಕ್ಷರ ಸೇರಿಸುತ್ತಾರೆ. ಇನ್ನೊಂದು ಮಾತು, ಭೂಮಿಯ ಕಾಂತೀಯ ಉತ್ತರ, ಅಂದರೆ ದಿಕ್ಸೂಚಿ ತೋರಿಸುವ ಉತ್ತರ, ನಿಧಾನವಾಗಿ ಸರಿಯುತ್ತಿರುತ್ತದೆ. ಹಾಗಾಗಿ ಕೆಲವೊಮ್ಮೆ ನಂಬರ್ ಬದಲಿಸಬೇಕಾಗುತ್ತದೆ. ಲಂಡನ್ ಹತ್ತಿರದ ಸ್ಟಾನ್‌ಸ್ಟೆಡ್‌ನಲ್ಲಿ 2009ರಲ್ಲಿ 05-23 ಅಳಿಸಿ 04-22 ಎಂದು ಬರೆದರು. ರನ್‌ವೇ ಮಾತ್ರ ಇದ್ದಲ್ಲೇ ಇತ್ತು.

ಮುಂದಿನ ಸಲ ಹೋಗುವಾಗ ಮಗಳಿಗೆ ಮೊಬೈಲ್‌ನ ದಿಕ್ಸೂಚಿ ತೆರೆದು ಕೊಡಿ. ವಿಮಾನ ಓಡಲು ಶುರು ಮಾಡುವ ಮೊದಲು 260 ಇದೆಯೋ 80 ಇದೆಯೋ ಅವಳೇ ಹೇಳಲಿ.